ಬಾ ಎತ್ತಿಟ್ಟ ನಾಲ್ಕು ರೂಪಾಯಿ

2016ರ ನವೆಂಬರ್ 8ರ ರಾತ್ರಿ ಐನೂರು, ಸಾವಿರದ ನೋಟು ಇನ್ನು ನಡೆಯುವುದಿಲ್ಲ ಅಂತ ಟೀವಿಯಲ್ಲಿ ಹೇಳಿದಾಗ ನಮ್ಮನೆಯಲ್ಲಿ ಅಪ್ಪ ಊಟಕ್ಕೆ ಕೂತಿದ್ದರು. ಅಪ್ಪ ರಿಟೈರ್ಡ್ ಮೇಷ್ಟ್ರು. ಇದ್ದದ್ದು ಪೆನ್ಶನ್ ದುಡ್ಡು, ಅದೂ ಬ್ಯಾಂಕಿನಲ್ಲಿತ್ತು. "ನಮಗೇನೂ ತೊಂದರೆ ಇಲ್ಲ ಬಿಡು" ಅಂದು ಮಜ್ಜಿಗೆ ಅನ್ನ ಕಲಸಿಕೊಂಡರು. ಬಡಿಸುತ್ತಿದ್ದ ಅಮ್ಮ ಏನೂ ಮಾತಾಡಲಿಲ್ಲ. ಎರಡು ದಿನ ಹಾಗೇ ಇದ್ದಳು. ಮೂರನೇ ದಿನ ಅಪ್ಪ ಪೇಪರ್ ತರಲು ಆಚೆ ಹೋದಾಗ ನನ್ನನ್ನು ಅಡುಗೆಮನೆಗೆ ಕರೆದು, ಮೇಲಿನ ಮೆಂತ್ಯದ ಡಬ್ಬ ಇಳಿಸು ಅಂದಳು. ಮೇಲೆ ಮೆಂತ್ಯ, ಅದರ ಕೆಳಗೆ ಪ್ಲಾಸ್ಟಿಕ್ ಕವರು, ಕವರಿನೊಳಗೆ ಹಳೇ ಸೀರೆಯ ತುಂಡು, ಅದರೊಳಗೆ ಐನೂರರ ನೋಟುಗಳು. ಎಷ್ಟಿತ್ತು ಅಂತ ಇಲ್ಲಿ ಬರೆಯುವುದಿಲ್ಲ. ತರಕಾರಿ ತಂದು ಮಿಕ್ಕಿದ್ದು, ಗೌರಿ ಹಬ್ಬಕ್ಕೆ ಮಾವ ಅರಿಶಿನ ಕುಂಕುಮಕ್ಕೆ ಅಂತ ಕೊಟ್ಟಿದ್ದು, ಸೀರೆಗೆ ಫಾಲ್ ಹೊಲಿದು ಸಿಕ್ಕಿದ್ದು. ನೋಟಿಗೆಲ್ಲ ಮೆಂತ್ಯದ ವಾಸನೆ ಹತ್ತಿತ್ತು.

ನಾವು ಎಣಿಸುತ್ತಿರುವಾಗಲೇ ಅಪ್ಪ ಬಂದುಬಿಟ್ಟರು. ಬಾಗಿಲಲ್ಲಿ ನಿಂತು ನೋಡಿದರು. ಬೈಯಲಿಲ್ಲ. "ಕೇಳಿದ್ರೆ ನಾನು ಕೊಡ್ತಿರಲಿಲ್ವಾ?" ಅಂತ ಅಷ್ಟೇ ಕೇಳಿದ್ದು. ಅವರಿಗೆ ನಿಜವಾಗಿ ನೋವಾಗಿತ್ತು. ಅಮ್ಮ ತೊಳೆದಿಟ್ಟಿದ್ದ ಲೋಟವನ್ನೇ ತೆಗೆದುಕೊಂಡು ಮತ್ತೆ ತೊಳೆಯತೊಡಗಿದಳು. ಕದ್ದು ಸಿಕ್ಕಿಬಿದ್ದವರ ಮುಖ ಇರುತ್ತದಲ್ಲ, ಹಾಗಿತ್ತು ಅವಳ ಮುಖ. ಒಂದು ಪೈಸೆಯನ್ನೂ ಕದ್ದವಳಲ್ಲ. ಆ ದುಡ್ಡಿನಲ್ಲಿ ಅವಳು ತನಗಾಗಿ ಏನಾದರೂ ಕೊಂಡದ್ದನ್ನೂ ನಾನು ನೋಡಿಲ್ಲ. ನನ್ನ ಕಾಲೇಜ್ ಫೀಸಿಗೆ ಒಂದು ಸಲ ಸಾಲದೇ ಬಂದಾಗ ಎಲ್ಲಿಂದಲೋ ಬಂದ ಎರಡು ಸಾವಿರ ಯಾವ ಡಬ್ಬದ್ದು ಅಂತ ಆವತ್ತು ಗೊತ್ತಾಯಿತು.

ಆ ದಿನಗಳಲ್ಲಿ ನಮ್ಮ ಬೀದಿಯಲ್ಲಿ ಎಷ್ಟೋ ಮನೆಗಳಲ್ಲಿ ಹೀಗೇ ಆಯಿತು. ಸಾಸಿವೆ ಡಬ್ಬಿ, ಅಕ್ಕಿ ಡ್ರಮ್ಮು, ದೇವರ ಫೋಟೋದ ಹಿಂದೆ, ಬೀರುವಿನಲ್ಲಿ ರೇಷ್ಮೆ ಸೀರೆಯ ಮಡಿಕೆ. ಎಲ್ಲ ಕಡೆಯಿಂದ ಹೆಂಗಸರ ದುಡ್ಡು ಆಚೆ ಬಂತು. ಬ್ಯಾಂಕಿನ ಸಾಲಿನಲ್ಲಿ ನಿಂತ ಅಮ್ಮಂದಿರೆಲ್ಲ ಒಬ್ಬರ ಮುಖ ಒಬ್ಬರು ನೋಡದೆ ನಿಂತಿದ್ದರು.

ಇದಾದ ಒಂದೆರಡು ವರ್ಷಕ್ಕೆ ಗಾಂಧೀಜಿ ಬರೆದ ಒಂದು ಲೇಖನ ಓದಿದೆ. ಅವತ್ತಿನಿಂದ ಕಸ್ತೂರಬಾ ಮುಖವೂ ನನ್ನ ಅಮ್ಮನ ಮುಖವೂ ನನ್ನ ತಲೆಯಲ್ಲಿ ಒಂದಕ್ಕೊಂದು ಅಂಟಿಕೊಂಡುಬಿಟ್ಟಿವೆ.

ನವಜೀವನದಲ್ಲಿ ಬಂದ ಸುದ್ದಿ

1929ರ ಏಪ್ರಿಲ್. ಗಾಂಧೀಜಿ ತಮ್ಮ ಗುಜರಾತಿ ವಾರಪತ್ರಿಕೆ ನವಜೀವನದಲ್ಲಿ ತಮ್ಮ ನಾಚಿಕೆ ಮತ್ತು ನೋವಿನ ಬಗ್ಗೆ ಒಂದು ಲೇಖನ ಬರೆದರು. ಸಾಬರಮತಿ ಆಶ್ರಮದಲ್ಲಿ ನಡೆದ ತಪ್ಪುಗಳ ಪಟ್ಟಿ ಅದು. ಹತ್ತಿರದ ಸಂಬಂಧಿಯೊಬ್ಬರು ಸಣ್ಣಪುಟ್ಟ ಕಳ್ಳತನ ಮಾಡುತ್ತಿದ್ದದ್ದು ಅದರಲ್ಲಿದೆ. ಅದೇ ಸಾಲಿನಲ್ಲಿ ಕಸ್ತೂರಬಾ ಹೆಸರೂ ಇದೆ. ಅವರ ತಪ್ಪು ಏನು ಅಂದರೆ, ಒಂದೆರಡು ವರ್ಷದ ಹಿಂದೆ ಬೇರೆ ಬೇರೆ ಸಂದರ್ಭದಲ್ಲಿ ಜನ ಕಾಣಿಕೆಯಾಗಿ ಕೊಟ್ಟಿದ್ದ ನೂರಿನ್ನೂರು ರೂಪಾಯಿಯನ್ನು ತಮ್ಮ ಬಳಿ ಇಟ್ಟುಕೊಂಡಿದ್ದರು. ಆಶ್ರಮದ ನಿಯಮದ ಪ್ರಕಾರ ತನಗೇ ಅಂತ ಕೊಟ್ಟದ್ದನ್ನೂ ಇಟ್ಟುಕೊಳ್ಳುವ ಹಾಗಿಲ್ಲ. ಆಶ್ರಮಕ್ಕೆ ಕಳ್ಳರು ನುಗ್ಗಿದಾಗ ಆ ವಿಷಯ ಆಚೆ ಬಂತು. ಕಸ್ತೂರಬಾ ಪಶ್ಚಾತ್ತಾಪ ಪಟ್ಟರು. ಆಮೇಲೆ ಇನ್ನೊಂದು ಸಲ ಯಾರೋ ಅಪರಿಚಿತರು ಬಂದು ನಾಲ್ಕು ರೂಪಾಯಿ ಕೊಟ್ಟು ಹೋದರು. ಅದನ್ನು ಆಫೀಸಿಗೆ ಕೊಡದೆ ಇಟ್ಟುಕೊಂಡರು. ಆಶ್ರಮದವರೇ ಒಬ್ಬರು ಅದನ್ನು ಕಂಡು ಎತ್ತಿ ಹೇಳಿದರು. ಕಸ್ತೂರಬಾ ದುಡ್ಡು ಕೊಟ್ಟರು. ಇನ್ನೊಮ್ಮೆ ಹೀಗಾದರೆ ಗಂಡನನ್ನೂ ಆಶ್ರಮವನ್ನೂ ಬಿಟ್ಟು ಹೋಗುತ್ತೇನೆ ಅಂತ ಮಾತು ಕೊಟ್ಟರು.

ನಾಲ್ಕು ರೂಪಾಯಿ.

ಆಗ ಅವರಿಗೆ ಅರವತ್ತು ವರ್ಷ. ಮದುವೆಯಾಗಿ ನಲವತ್ತೈದು ವರ್ಷ ದಾಟಿತ್ತು. ದಕ್ಷಿಣ ಆಫ್ರಿಕಾದಲ್ಲೇ ಜೈಲು ನೋಡಿ ಬಂದಿದ್ದರು. ದೇಶಕ್ಕೆಲ್ಲ ಅವರು 'ಬಾ', ಅಂದರೆ ಅಮ್ಮ. ಅಂಥವರು ನಾಲ್ಕು ರೂಪಾಯಿಯನ್ನು ಎಲ್ಲಿ ಇಟ್ಟಿದ್ದಿರಬಹುದು? ಸೀರೆಯ ಸೆರಗಿನ ಗಂಟಿನಲ್ಲಾ? ಟ್ರಂಕಿನ ತಳದಲ್ಲಾ? ನನಗೆ ಈ ಪ್ರಶ್ನೆ ಸುಮ್ನೆ ಬರುವುದಲ್ಲ. ಅಮ್ಮನ ಡಬ್ಬ ಇಳಿಸಿದ ಕೈ ನನ್ನದು.

ಗಾಂಧೀಜಿ ಕ್ರೂರಿಯಾಗಿ ಇದನ್ನು ಬರೆದರು ಅಂತ ನಾನು ಹೇಳುತ್ತಿಲ್ಲ. ಅದೇ ಲೇಖನದಲ್ಲಿ ಹೆಂಡತಿಯನ್ನು ಮನಸಾರೆ ಹೊಗಳಿಯೂ ಇದ್ದಾರೆ. ತಮ್ಮ ತಪ್ಪನ್ನು ಮುಚ್ಚಿಡದ ಮನುಷ್ಯ ಮನೆಯವರ ತಪ್ಪನ್ನೂ ಮುಚ್ಚಿಡಲಿಲ್ಲ. ಸಾರ್ವಜನಿಕರ ದುಡ್ಡು ಅಂದರೆ ಒಂದೊಂದು ಕಾಸಿಗೂ ಲೆಕ್ಕ ಕೊಡಬೇಕು ಅನ್ನುವ ಅವರ ಹಟ ಎಷ್ಟು ದೊಡ್ಡದು ಅಂತ ಇವತ್ತಿನ ರಾಜಕಾರಣಿಗಳ ಮನೆಯವರ ಆಸ್ತಿ ಪಟ್ಟಿ ಓದುವ ನಮಗೆ ಹೇಳಿಕೊಡಬೇಕಾಗಿಲ್ಲ. ಅದು ನನಗೆ ಗೊತ್ತು. ಆದರೂ ಅದನ್ನು ಓದಿದಾಗೆಲ್ಲ ಹೊಟ್ಟೆಯಲ್ಲಿ ಏನೋ ಹಿಂಡಿದ ಹಾಗಾಗುತ್ತದೆ. ತಪ್ಪು ಒಪ್ಪಿಕೊಳ್ಳುವುದು ಒಂದು. ಹೆಂಡತಿಯ ತಪ್ಪನ್ನು ಗಂಡ ಊರಿಗೆಲ್ಲ ಬರೆದು ಒಪ್ಪಿಸುವುದು ಇನ್ನೊಂದು. ಎರಡೂ ಒಂದೇ ಅಲ್ಲ, ಅಲ್ವಾ?

ಸರದ ಜಗಳ

ನಾಲ್ಕು ರೂಪಾಯಿಯ ಕತೆಗೆ ಇಪ್ಪತ್ತೆಂಟು ವರ್ಷ ಹಿಂದಿನ ಇನ್ನೊಂದು ಕತೆ ಸೇರಿಸಿ ಓದಬೇಕು. 1901ರಲ್ಲಿ ಗಾಂಧಿ ಕುಟುಂಬ ದಕ್ಷಿಣ ಆಫ್ರಿಕಾ ಬಿಟ್ಟು ಊರಿಗೆ ಹೊರಟಿತ್ತು. ಅಲ್ಲಿಯ ಭಾರತೀಯರು ಪ್ರೀತಿಯಿಂದ ಬೀಳ್ಕೊಡುಗೆ ಮಾಡಿ ಚಿನ್ನ, ಬೆಳ್ಳಿ, ವಜ್ರದ ಉಡುಗೊರೆ ಕೊಟ್ಟರು. ಅದರಲ್ಲಿ ಐವತ್ತು ಗಿನಿ (ಆಗಿನ ಇಂಗ್ಲಿಷ್ ಹಣದ ಲೆಕ್ಕ) ಬೆಲೆಯ ಒಂದು ಚಿನ್ನದ ಸರ ಕಸ್ತೂರಬಾಗೆ ಅಂತಲೇ ಬಂದಿತ್ತು. ಆ ರಾತ್ರಿ ಗಾಂಧೀಜಿಗೆ ನಿದ್ದೆ ಬರಲಿಲ್ಲ. ರಾತ್ರಿಯಿಡೀ ಕೋಣೆಯಲ್ಲಿ ತಿರುಗಾಡಿ, ಇದನ್ನೆಲ್ಲ ಸಮುದಾಯಕ್ಕೇ ಟ್ರಸ್ಟ್ ಮಾಡಿ ಕೊಟ್ಟುಬಿಡಬೇಕು ಅಂತ ತೀರ್ಮಾನಿಸಿ, ಪತ್ರದ ಕರಡೂ ಬರೆದಿಟ್ಟರು. ಹೆಂಡತಿಯ ಜೊತೆ ಮಾತಾಡಿದ್ದು ಬೆಳಿಗ್ಗೆ. ಅದಕ್ಕೂ ಮುಂಚೆ ಮಕ್ಕಳನ್ನು ಒಪ್ಪಿಸಿ ತಮ್ಮ ಪರವಾಗಿ ವಕಾಲತ್ತಿಗೆ ಇಟ್ಟುಕೊಂಡಿದ್ದರು. ಇದೆಲ್ಲ ಅವರೇ ಆತ್ಮಕಥೆಯಲ್ಲಿ ಬರೆದಿರುವುದು.

ಆ ಬೆಳಿಗ್ಗೆಯ ಜಗಳ ನನಗೆ ಬಾಯಿಪಾಠ ಆಗಿದೆ. ನಿಮಗೆ ಬೇಡದೇ ಇರಬಹುದು, ಮಕ್ಕಳು ನೀವು ಕುಣಿಸಿದ ಹಾಗೆ ಕುಣಿಯುತ್ತಾರೆ, ನಾನು ಹಾಕಿಕೊಳ್ಳಬಾರದು ಅಂದರೂ ಸರಿ, ನಾಳೆ ಬರುವ ಸೊಸೆಯರಿಗೆ ಏನಿದೆ ಅಂತ ಕಸ್ತೂರಬಾ ಕೇಳಿದರು. ನಾಳೆ ಏನಾಗುತ್ತೋ ಯಾರಿಗೆ ಗೊತ್ತು ಅಂದರು. ಗಾಂಧೀಜಿ ಆಗ, ಈ ಸರ ನಿನ್ನ ಸೇವೆಗೆ ಕೊಟ್ಟಿದ್ದೋ ನನ್ನ ಸೇವೆಗೋ ಅಂತ ಕೇಳಿದರು. ಅದಕ್ಕೆ ಆಕೆ ಕೊಟ್ಟ ಉತ್ತರ ಹೀಗೆ: ನಿಮ್ಮ ಸೇವೆ ಅಂದರೆ ನನ್ನ ಸೇವೆಯೂ ಹೌದು, ಹಗಲೂ ರಾತ್ರಿ ನಿಮಗಾಗಿ ದುಡಿದಿದ್ದೀನಲ್ಲ, ಕಂಡಕಂಡವರನ್ನೆಲ್ಲ ಮನೆಗೆ ತಂದು ನನ್ನ ತಲೆಗೆ ಕಟ್ಟಿ ಕಣ್ಣೀರು ಹಾಕಿಸಿದಿರಲ್ಲ, ಅವರಿಗೆಲ್ಲ ನಾನು ಚಾಕರಿ ಮಾಡಲಿಲ್ವಾ, ಅದು ಸೇವೆ ಅಲ್ವಾ?

ಈ ಮಾತು ಚುಚ್ಚಿತು ಅಂತ ಗಾಂಧೀಜಿಯೇ ಬರೆಯುತ್ತಾರೆ. ಆದರೂ ಬಿಡಲಿಲ್ಲ, ಹೇಗೋ ಒಪ್ಪಿಗೆ ಕಿತ್ತುಕೊಂಡೆ ಅನ್ನುತ್ತಾರೆ. ಒಡವೆ ಟ್ರಸ್ಟಿನ ಹೆಸರಲ್ಲಿ ಬ್ಯಾಂಕಿಗೆ ಹೋಯಿತು. ಮುಂದೆ ಆ ತೀರ್ಮಾನಕ್ಕೆ ತಾವು ಎಂದೂ ಪಶ್ಚಾತ್ತಾಪ ಪಡಲಿಲ್ಲ, ಹೆಂಡತಿಗೂ ಅದರ ತಿಳಿವಳಿಕೆ ಬಂತು ಅಂತ ಆ ಭಾಗ ಮುಗಿಯುತ್ತದೆ. ಬಂತೋ? 1929ರ ಆ ನಾಲ್ಕು ರೂಪಾಯಿ ನೋಡಿದರೆ ನನಗೆ ಹಾಗನಿಸುವುದಿಲ್ಲ. ನಾಳೆ ಏನಾಗುತ್ತೋ ಅನ್ನುವ ಭಯ ಅವರನ್ನು ಬಿಟ್ಟು ಹೋಗಿರಲಿಲ್ಲ. ನಾಲ್ಕು ಗಂಡು ಮಕ್ಕಳ ತಾಯಿ. ಬ್ಯಾರಿಸ್ಟರ್ ಗಂಡ ಸಂಪಾದನೆ ಬಿಟ್ಟಾಗಿತ್ತು. ವಿಮೆ ಪಾಲಿಸಿಯನ್ನೂ ಬಿಟ್ಟಿದ್ದರು. ತನ್ನ ಮನೆ ಅನ್ನುವುದು ಇಲ್ಲ, ಎಲ್ಲಿ ಹೋದರೂ ನೂರು ಜನರ ಆಶ್ರಮ. ಅಂಥ ಬದುಕಿನಲ್ಲಿ ನಾಲ್ಕು ರೂಪಾಯಿ ಅಂದರೆ ದುಡ್ಡಲ್ಲ. ಅದು ಬೀಗ ಇಲ್ಲದ ಮನೆಯಲ್ಲಿ ಒಂದು ಸಣ್ಣ ಗೂಡು.

ಕೇಳದೆ, ಹೇಳದೆ

ಕಸ್ತೂರಬಾ ಬಗ್ಗೆ ನಮಗೆ ಗೊತ್ತಿರುವ ಖಾಸಗಿ ವಿಷಯಗಳಲ್ಲಿ ಮುಕ್ಕಾಲು ಪಾಲು ಅವರ ಗಂಡ ಬರೆದದ್ದು. ಮಲಗುವ ಕೋಣೆಯ ವಿಷಯವೂ ಸೇರಿ. 1906ರಲ್ಲಿ ಬ್ರಹ್ಮಚರ್ಯದ ವ್ರತ ತೊಟ್ಟಾಗ ಕಸ್ತೂರಬಾಗೆ ಮೂವತ್ತೇಳು. ಅಲ್ಲಿಯವರೆಗೆ ಈ ಯೋಚನೆಯನ್ನು ಹೆಂಡತಿಯೊಡನೆ ಹಂಚಿಕೊಂಡಿರಲಿಲ್ಲ, ವ್ರತ ತೊಡುವ ಹೊತ್ತಿಗೆ ಕೇಳಿದೆ, ಆಕೆ ಅಡ್ಡಿ ಹೇಳಲಿಲ್ಲ ಅಂತ ಬರೆಯುತ್ತಾರೆ. ಸರದ ವಿಷಯದಲ್ಲಿ ಅಷ್ಟು ಜಗಳ ಆಡಿದ ಹೆಂಗಸು ಇಲ್ಲಿ ಒಂದೇ ಒಂದು ಸಾಲು. ಆ ಸಾಲಿನೊಳಗೆ ಏನೇನಿತ್ತು? ನೆಮ್ಮದಿಯೇ ಇದ್ದಿರಬಹುದು. ಐದು ಹೆರಿಗೆ ಆಗಿತ್ತು, ಮೊದಲ ಮಗು ಉಳಿದಿರಲಿಲ್ಲ. ಇನ್ನು ಸಾಕು ಅಂತ ಆಕೆಗೂ ಅನಿಸಿರಬಹುದು. ನಮ್ಮ ಅಜ್ಜಿಯರಲ್ಲಿ ಎಷ್ಟೋ ಜನಕ್ಕೆ ಇಂಥ ವ್ರತ ತೊಡುವ ಗಂಡ ಸಿಕ್ಕಿದ್ದರೆ ದೇವರಿಗೆ ತುಪ್ಪದ ದೀಪ ಹಚ್ಚುತ್ತಿದ್ದರು.

ದಕ್ಷಿಣ ಆಫ್ರಿಕಾದ ಡರ್ಬನ್ನಿನ ಗೇಟಿನ ಪ್ರಸಂಗ ಎಲ್ಲರಿಗೂ ಗೊತ್ತಿರುವುದೇ. 1898ರ ಸುಮಾರಿಗೆ ನಡೆದದ್ದು. ಮನೆಯಲ್ಲೇ ಇದ್ದ ಗುಮಾಸ್ತನ ಮೂತ್ರದ ಪಾತ್ರೆ ತೊಳೆಯುವ ವಿಷಯಕ್ಕೆ ಜಗಳವಾಗಿ ಹೆಂಡತಿಯ ಕೈ ಹಿಡಿದು ಗೇಟಿನ ತನಕ ಎಳೆದುಕೊಂಡು ಹೋಗಿದ್ದರಲ್ಲ, ಅದು. ನಿಮಗೆ ನಾಚಿಕೆ ಇಲ್ವಾ, ಇಲ್ಲಿ ನನಗೆ ತಾಯಿ ತಂದೆ ಯಾರಿದ್ದಾರೆ, ನಾನು ಎಲ್ಲಿ ಹೋಗಲಿ, ಮೊದಲು ಗೇಟು ಮುಚ್ಚಿ ಅಂತ ಅತ್ತ ಆ ಮಾತನ್ನು ಓದುವಾಗ ನಾವು ಸಾಮಾನ್ಯವಾಗಿ ಒಂದು ವಿಷಯ ಬಿಟ್ಟುಬಿಡುತ್ತೇವೆ. ಆ ಗುಮಾಸ್ತನ ಹೆತ್ತವರು ಅಸ್ಪೃಶ್ಯರು ಅಂತ ಕರೆಸಿಕೊಂಡವರು. ಕಸ್ತೂರಬಾಗೆ ಸಂಕಟ ಆದದ್ದು ಮುಖ್ಯವಾಗಿ ಅದಕ್ಕೆ. ಅಂದರೆ ಅಲ್ಲಿ ಆಕೆಯ ಕಡೆ ನ್ಯಾಯ ಇರಲಿಲ್ಲ. ಗಂಡನ ಕೈಯಲ್ಲೂ ಇರಲಿಲ್ಲ. ಈ ಎರಡನ್ನೂ ಒಟ್ಟಿಗೆ ಹಿಡಿದುಕೊಳ್ಳುವುದು ನನಗೆ ಕಷ್ಟ. ಆದರೆ ಬೇರೆ ದಾರಿ ಕಾಣುತ್ತಿಲ್ಲ. 1915ರಲ್ಲಿ ಅಹಮದಾಬಾದಿನ ಆಶ್ರಮಕ್ಕೆ ದೂದಾಭಾಯಿ ಅವರ ದಲಿತ ಕುಟುಂಬ ಬಂದಾಗಲೂ ಕಸ್ತೂರಬಾ ಮುಖ ಸಿಂಡರಿಸಿದರು. ಮುಂದೆ ಅದೇ ಕುಟುಂಬದ ಮಗಳು ಲಕ್ಷ್ಮಿ ಆ ಮನೆಯ ಮಗಳಾಗಿಯೇ ಬೆಳೆದಳು. ಬದಲಾದರು. ಆದರೆ ಗಂಡ ಬಯಸಿದಷ್ಟು ಬೇಗ ಅಲ್ಲ, ತಮ್ಮ ನಡಿಗೆಯಲ್ಲಿ. 1938ರಲ್ಲಿ ಹರಿಜನರಿಗೆ ಬಾಗಿಲು ಮುಚ್ಚಿದ್ದ ಪುರಿ ಜಗನ್ನಾಥನ ಗುಡಿಗೆ ಗಾಂಧೀಜಿಯ ಕಾರ್ಯದರ್ಶಿ ಮಹಾದೇವ ದೇಸಾಯಿ ಅವರ ಹೆಂಡತಿ ದುರ್ಗಾಬೆನ್ ಜೊತೆ ಹೋಗಿಬಂದರು. ಗಾಂಧೀಜಿಗೆ ಅದರಿಂದ ಎಷ್ಟು ಬೇಸರ ಆಯಿತು ಅಂದರೆ ರಕ್ತದ ಒತ್ತಡ ಏರಿತು. ಅಲ್ಲಿ ನಾನು ಗಾಂಧೀಜಿಯ ಕಡೆಯೇ. ಆದರೆ ಅರವತ್ತೊಂಬತ್ತರ ಮುದುಕಿ ಇಷ್ಟು ದೂರ ಬಂದ ಮೇಲೆ ಜಗನ್ನಾಥನ ಮುಖ ನೋಡದೆ ಹೇಗೆ ಹೋಗಲಿ ಅಂದುಕೊಂಡಿದ್ದೂ ನನಗೆ ಅರ್ಥವಾಗುತ್ತದೆ.

ಇನ್ನೊಂದು ಕಡೆ ನೋಡಿ. 1913ರಲ್ಲಿ ಕ್ರೈಸ್ತ ಪದ್ಧತಿಯಲ್ಲಿ ಆಗದ ಮದುವೆ ಮದುವೆಯೇ ಅಲ್ಲ ಅನ್ನುವ ಅರ್ಥದ ತೀರ್ಪು ದಕ್ಷಿಣ ಆಫ್ರಿಕಾದ ಕೋರ್ಟಿನಿಂದ ಬಂತು. ಗಾಂಧೀಜಿ ಡರ್ಬನ್ ಹತ್ತಿರದ ತಮ್ಮ ಫೀನಿಕ್ಸ್ ಆಶ್ರಮದ ಬೇರೆ ಹೆಂಗಸರನ್ನು ಸತ್ಯಾಗ್ರಹಕ್ಕೆ ಕರೆಯುತ್ತಿದ್ದರು. ಹೆಂಡತಿಗೆ ಮಾತ್ರ ಹೇಳಿರಲಿಲ್ಲ. ಅದು ಕಸ್ತೂರಬಾ ಕಿವಿಗೆ ಬಿತ್ತು. ನನಗೆ ಯಾಕೆ ಹೇಳಲಿಲ್ಲ, ಜೈಲಿಗೆ ಹೋಗಲು ನನ್ನಲ್ಲಿ ಏನು ಕೊರತೆ ಇದೆ ಅಂತ ಕೇಳಿದರು. ಹೋದರು. ಮೂರು ತಿಂಗಳು ಕಠಿಣ ಸಜೆ. ಮೂಳೆ ಚರ್ಮವಾಗಿ ಆಚೆ ಬಂದರು. ತ್ಯಾಗ ಅವರಿಗೆ ಬಾರದ ವಿದ್ಯೆಯೇನೂ ಆಗಿರಲಿಲ್ಲ. ತನ್ನನ್ನೂ ಒಂದು ಮಾತು ಕೇಳಬೇಕಿತ್ತು, ಅಷ್ಟೇ ಅವರ ತಕರಾರು.

ಕಿತ್ತಳೆ ಹಣ್ಣು

ಹರಿಲಾಲನ ಮಾತು ಬರದೆ ಕಸ್ತೂರಬಾ ಮಾತು ಮುಗಿಯುವುದಿಲ್ಲ. ಅಪ್ಪನ ಮೇಲೆ ಸಿಟ್ಟಾಗಿ, ಕುಡಿತಕ್ಕೆ ಬಿದ್ದು, ಅಲೆಮಾರಿಯಾದ ಹಿರಿಮಗ. 1936ರ ಮೇ 29ರಂದು ಅವರು ಮುಂಬೈಯ ಜುಮ್ಮಾ ಮಸೀದಿಯಲ್ಲಿ ತಾವು ಮುಸ್ಲಿಮರಾದದ್ದನ್ನು ಸಾರಿದಾಗ ಗಾಂಧೀಜಿ ನಮ್ಮ ಕಡೆಯೇ ಇದ್ದರು. ನಂದಿಬೆಟ್ಟದಲ್ಲಿ ವಿಶ್ರಾಂತಿ ಮುಗಿಸಿ ಬೆಂಗಳೂರಿಗೆ ಇಳಿದರು. ಜೂನ್ 2ರಂದು ಮಗನ ಬಗ್ಗೆ ಅವರು ಕೊಟ್ಟ ಹೇಳಿಕೆ ಹೊರಟದ್ದು ಬೆಂಗಳೂರಿನಿಂದ. ಮನಸ್ಸಿನಿಂದ ಮತ ಬದಲಿಸಿದ್ದರೆ ನನ್ನ ತಕರಾರಿಲ್ಲ, ಆದರೆ ಇದು ಹಾಗೆ ಕಾಣುತ್ತಿಲ್ಲ ಅನ್ನುವ ಧಾಟಿಯದು ಅದು. ಆಮೇಲೆ ಅದೇ ವರ್ಷ ಕಸ್ತೂರಬಾ ಕೂಡ ಮಗನಿಗೆ ಬಹಿರಂಗ ಪತ್ರ ಬರೆಸಿದರು. ಹೇಳುತ್ತಾ ಹೋದದ್ದು ತಾಯಿ, ಬರೆದುಕೊಂಡದ್ದು ಕಿರಿಮಗ ದೇವದಾಸ್. ಗಂಡನ ಹೇಳಿಕೆಯಲ್ಲಿ ತತ್ವ ಇದೆ. ತಾಯಿಯ ಪತ್ರದಲ್ಲಿ ತತ್ವ ಇಲ್ಲ. ನಾಲ್ಕು ಜನರಿಗೆ ಮುಖ ತೋರಿಸಲಾರದ ಸಂಕಟ ಇದೆ, ಬೇಡಿಕೆ ಇದೆ.

ಇವತ್ತು ಬೆಂಗಳೂರಿನಲ್ಲಿ ಕಸ್ತೂರಬಾ ರಸ್ತೆಯಲ್ಲಿ ಬಸ್ಸಿನಲ್ಲಿ ಹೋಗುವಾಗ, ಕಬ್ಬನ್ ಪಾರ್ಕಿನ ಮರಗಳ ಪಕ್ಕ ಸಿಗ್ನಲ್ಲಿಗೆ ನಿಂತಾಗ, ನನಗೆ ಮೊದಲು ನೆನಪಾಗುವುದು ಈ ತಾಯಿ ಮಗನ ಇನ್ನೊಂದು ಭೇಟಿ. ಈಗಿನ ಮಧ್ಯಪ್ರದೇಶದ ಕಟ್ನಿ ರೈಲ್ವೆ ಸ್ಟೇಷನ್ನು. ಗಾಂಧೀಜಿ, ಕಸ್ತೂರಬಾ ಹೋಗುತ್ತಿದ್ದ ರೈಲು ಅಲ್ಲಿ ನಿಂತಿತ್ತು. ಎಂದಿನ ಹಾಗೆ ಮಹಾತ್ಮಾ ಗಾಂಧೀ ಕೀ ಜೈ ಅನ್ನುವ ಕೂಗು. ಅದರ ನಡುವೆ ಒಂದು ಒಂಟಿ ದನಿ, ಮಾತಾ ಕಸ್ತೂರಬಾ ಕೀ ಜೈ. ತಿರುಗಿ ನೋಡಿದರೆ ಹರಿಲಾಲ್. ಬಟ್ಟೆ ಹರಿದಿದೆ, ಹಲ್ಲು ಉದುರಿವೆ. ಜೇಬಿನಿಂದ ಒಂದು ಕಿತ್ತಳೆ ಹಣ್ಣು ತೆಗೆದು, ಬಾ, ಇದು ನಿನಗೆ ಅಂದರು. ನನಗೇನು ತಂದೆ ಅಂತ ಗಾಂಧೀಜಿ ಕೇಳಿದರು. ನಿಮಗೇನೂ ಇಲ್ಲ, ಇದು ಬಾಗೆ ಮಾತ್ರ, ನೀವು ಇಷ್ಟು ದೊಡ್ಡವರಾಗಿದ್ದು ಬಾ ಇಂದ ಅನ್ನುವುದನ್ನು ಮರೆಯಬೇಡಿ ಅಂದರು. ನೀನೇ ತಿನ್ನಬೇಕು ಅಂತ ತಾಯಿಯಿಂದ ಮಾತು ತೆಗೆದುಕೊಂಡರು. ನಮ್ಮ ಜೊತೆ ಬಾ ಅಂತ ಕಸ್ತೂರಬಾ ಕರೆದರೆ, ಇನ್ನು ಆಗುವುದಿಲ್ಲ ಅಂದರು. ರೈಲು ಹೊರಟ ಮೇಲೆ ಆಕೆಗೆ ತಟ್ಟನೆ ಹೊಳೆಯಿತು, ಹಸಿದಿರುವ ಮಗನಿಗೆ ತಾನು ಏನೂ ಕೊಡಲಿಲ್ಲವಲ್ಲ ಅಂತ. ಬುಟ್ಟಿಯಲ್ಲಿದ್ದ ಹಣ್ಣಿಗೆ ಕೈ ಹಾಕುವಷ್ಟರಲ್ಲಿ ಪ್ಲಾಟ್‌ಫಾರ್ಮ್ ಹಿಂದೆ ಉಳಿದಿತ್ತು. ದೂರದಿಂದ ಆ ಕೂಗು ಮಾತ್ರ ಇನ್ನೊಮ್ಮೆ ಕೇಳಿತು.

ಆ ಕಿತ್ತಳೆ ಹಣ್ಣನ್ನು ಯಾವ ಆಶ್ರಮದ ಆಫೀಸಿಗೂ ಒಪ್ಪಿಸಬೇಕಾಗಿರಲಿಲ್ಲ. ಇಡೀ ಬದುಕಿನಲ್ಲಿ ಅವರಿಗೇ ಅಂತ ಬಂದು ಅವರ ಬಳಿಯೇ ಉಳಿದ ಉಡುಗೊರೆ ಇದೊಂದೇ ಏನೋ ಅನಿಸುತ್ತದೆ ನನಗೆ.

1944ರ ಫೆಬ್ರವರಿ 22, ಶಿವರಾತ್ರಿ. ಪುಣೆಯ ಆಗಾಖಾನ್ ಅರಮನೆಯಲ್ಲಿ ಬಂಧನದಲ್ಲಿದ್ದಾಗಲೇ, ಗಂಡನ ತೊಡೆಯ ಮೇಲೆ ತಲೆಯಿಟ್ಟು ಹೋದರು. ಗಂಡ ನೂತ ನೂಲಿನ ಸೀರೆಯನ್ನೇ ಉಡಿಸಿ ಕಳಿಸಿದರು. ಅದು ಆಕೆಯ ಆಸೆಯೇ ಆಗಿತ್ತು. ಇದನ್ನು ಮರೆತರೆ ನಾನು ಇಲ್ಲಿಯ ತನಕ ಬರೆದದ್ದು ಅರ್ಧ ಸುಳ್ಳಾಗುತ್ತದೆ. ಸರ ಕಿತ್ತುಕೊಂಡ, ನಾಲ್ಕು ರೂಪಾಯಿಯ ಲೆಕ್ಕ ಊರಿಗೆಲ್ಲ ಹೇಳಿದ ಅದೇ ಮನುಷ್ಯನ ಕೈಯ ನೂಲು ಕೊನೆಗೆ ಮೈಮೇಲೆ ಇರಲಿ ಅಂತ ಬಯಸಿದವರು ಅವರು. ಅರವತ್ತೆರಡು ವರ್ಷ ಜೊತೆಗಿದ್ದವರ ನಡುವೆ ಏನಿರುತ್ತದೆ ಅನ್ನುವುದು ಆಚೆಯಿಂದ ನೋಡುವ ನಮಗೆ ಪೂರ್ತಿ ಕಾಣುವುದಿಲ್ಲ.

ಕಸ್ತೂರಬಾ ಅವರದೇ ಕೈಬರಹದ ಒಂದು ಡೈರಿ ಸಿಕ್ಕಿದೆ. 1933ರ ಜನವರಿಯಿಂದ ಸೆಪ್ಟೆಂಬರ್ ತನಕದ್ದು. ಮರಿಮೊಮ್ಮಗ ತುಷಾರ್ ಗಾಂಧಿ ಅದನ್ನು 2022ರಲ್ಲಿ ಆಚೆ ತಂದರು. ಅದರಲ್ಲಿ ಜಾಸ್ತಿ ಇರುವುದು ಪ್ರಾರ್ಥನೆ, ನೂಲುವುದು ಇಂಥ ದಿನದ ಕೆಲಸಗಳು. ಕೆಲವರಿಗೆ ನಿರಾಸೆ ಆಗಬಹುದು. ನನಗೆ ಮಾತ್ರ ಒಂದು ಥರ ಖುಷಿಯಾಯಿತು. ಮನಸ್ಸಿನ ಒಳಗಿನದನ್ನು ಅವರು ಕಾಗದಕ್ಕೂ ಒಪ್ಪಿಸಲಿಲ್ಲ.

ಅಮ್ಮನ ಮೆಂತ್ಯದ ಡಬ್ಬ ಈಗಲೂ ಮೇಲೆಯೇ ಇದೆ. ಕಳೆದ ಗೌರಿ ಹಬ್ಬಕ್ಕೆ ಊರಿಗೆ ಹೋದಾಗ ಒಗ್ಗರಣೆಗೆ ಅಂತ ಇಳಿಸಿದೆ, ತೂಕ ಸ್ವಲ್ಪ ಜಾಸ್ತಿ ಅನಿಸಿತು. ಏನೂ ಕೇಳಲಿಲ್ಲ. ಅಪ್ಪನೂ ಈಗ ಆ ಡಬ್ಬದ ಕಡೆ ನೋಡುವುದಿಲ್ಲ. ಬೇಕಂತಲೇ ನೋಡುವುದಿಲ್ಲ. ಅದು ಅವರು ಅಮ್ಮನಿಗೆ ಕೊಟ್ಟ ಮರ್ಯಾದೆ ಅಂತ ನನಗೆ ಅನಿಸುತ್ತದೆ.

ಇದನ್ನೆಲ್ಲ ಬರೆಯುವ ಮುಂಚೆ ಅಮ್ಮನಿಗೆ ಫೋನ್ ಮಾಡಿದೆ. ಕಸ್ತೂರಬಾ ಕತೆ ಹೇಳಿದೆ, ನಾಲ್ಕು ರೂಪಾಯಿ ಕತೆ ಹೇಳಿದೆ, ನಿನ್ನ ಡಬ್ಬದ ವಿಷಯವೂ ಅದರಲ್ಲಿ ಬರುತ್ತೆ, ಬರೀಲಾ ಅಂತ ಕೇಳಿದೆ. ತುಂಬಾ ಹೊತ್ತು ಸುಮ್ಮನಿದ್ದಳು. "ಪಾಪ, ನಾಲ್ಕು ರೂಪಾಯಿಗೆ" ಅಂದಳು. ಆಮೇಲೆ, "ಬರಿ. ಎಷ್ಟಿತ್ತು ಅಂತ ಮಾತ್ರ ಬರೀಬೇಡ" ಅಂದಳು.